ಸಾಹೇಬರು ಬಂದರೆ ಕಪ್ಪಾಗುತ್ತಿದ್ದ ಮಾನಿಟರ್

ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿ ಆಕೆಯನ್ನು ಎಲ್ಲರೂ ‘ಟ್ರೇಸರ್ ಅಕ್ಕ’ ಎನ್ನುತ್ತಾರೆ. ಇಪ್ಪತ್ತಾರು ವರ್ಷಗಳ ಹಿಂದೆ ಸೇರಿದಾಗ ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಕೊಳವೆ ಮಾರ್ಗ ಎಳೆಯುವುದು ಕೆಲಸ. ಈಗ ಅದೇ ಮಾರ್ಗಗಳನ್ನು ವಿಂಡೋಸ್ ಬದಲು ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನಲ್ಲಿ ಎಳೆಯುತ್ತಾರೆ. ನಕ್ಷೆ ದೊಡ್ಡದಾಗಿ ಕಾಣಲೆಂದು ಪಕ್ಕದಲ್ಲೊಂದು ಮಾನಿಟರ್. ಲಿನಕ್ಸ್ ಹಾಕಿಕೊಂಡವರೂ ಅವರೇ, ಯಾರ ನೆರವಿಲ್ಲದೆ ಕಲಿತವರೂ ಅವರೇ.

ಹೋದ ವರ್ಷ ಆ ಮಾನಿಟರ್ ಆಟ ಹೂಡಿತು. ಮುಖ್ಯ ಎಂಜಿನಿಯರ್ ಸಾಹೇಬರು ಒಳಗೆ ಕಾಲಿಟ್ಟರೆ ಸಾಕು, ಎರಡು ಸೆಕೆಂಡು ಕಪ್ಪು. ಆಮೇಲೆ ಏನೂ ಆಗಿಲ್ಲವೆಂಬಂತೆ ನಕ್ಷೆ. ಲ್ಯಾಪ್‌ಟಾಪಿನ ಸ್ವಂತ ಪರದೆಗೆ ಮಾತ್ರ ಏನೂ ಆಗುತ್ತಿರಲಿಲ್ಲ.

“ಏನಮ್ಮ, ನನ್ನ ಕಂಡ್ರೆ ಕಣ್ಣು ಮುಚ್ಕೊಳತ್ತಲ್ಲ ನಿಮ್ಮ ಮಾನಿಟರು?” ಎಂದು ಮೊದಲ ಸಲ ಸಾಹೇಬರು ನಕ್ಕರು. ನಾಲ್ಕನೇ ಸಲ ನಗಲಿಲ್ಲ. “ಇಸ್ಪೀಟು ಗಿಸ್ಪೀಟು ಆಡ್ತಾ ಮುಚ್ಚಿಡ್ತಿಲ್ಲ ತಾನೆ? ಈ ಲಿನಕ್ಸ್ ಸಹವಾಸ ಸಾಕು. ಸೋಮವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಕ್ಷೆ ಕೆಲಸ ಹೊರಗಿನವರಿಗೆ. ನೀವು ದಾಖಲೆ ಕೋಣೆಗೆ.”

ಆಕೆ ಮಾನಿಟರಿನ ಕೇಬಲ್ಲನ್ನು ಬೇರೆ ಪೋರ್ಟಿಗೆ ಹಾಕಿದರು. ಲಿನಕ್ಸಿನ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿಯಿಂದ ಲ್ಯಾಪ್‌ಟಾಪ್ ಶುರುಮಾಡಿದರು, ಪರದೆ ಸೆಕೆಂಡಿಗೆ ಇಷ್ಟು ಸಲ ಎಂದು ಹೊಸದಾಗುವ ರಿಫ್ರೆಶ್ ರೇಟ್ ಇಳಿಸಿದರು. ಫಲವಿಲ್ಲ. ಕೊನೆಗೆ ಲ್ಯಾಪ್‌ಟಾಪ್ ತಾನೇ ಬರೆದಿಡುವ ಲಾಗ್ ತೆರೆದು, ಮಾನಿಟರ್ ಸಂಪರ್ಕ ಕಡಿದುಹೋದ ಪ್ರತಿ ಸಮಯವನ್ನೂ ಹಾಳೆಗಿಳಿಸಿದರು. ಸಾಹೇಬರು ಬಂದ ಹೊತ್ತುಗಳ ಜೊತೆ ದಿನವೂ ಮಧ್ಯಾಹ್ನದ ಒಂದು ಗಂಟೆ ಇತ್ತು. ಆಗ ಎಲ್ಲರೂ ಊಟಕ್ಕೆ ಏಳುತ್ತಾರೆ. ಸಾಹೇಬರು ಬಂದಾಗಲೂ ಎಲ್ಲರೂ ಮಾಡುವುದು ಅದನ್ನೇ, ಏಳುವುದು.

ಗ್ಯಾಸ್ ಒತ್ತಡದಲ್ಲಿ ಏರಿಳಿಯುವ ಹೊಸ ಕುರ್ಚಿಗಳು ಬಂದದ್ದು ಮಾನಿಟರಿನ ಆಟ ಶುರುವಾದ ತಿಂಗಳೇ. ಶನಿವಾರ ಎಲ್ಲರೂ ಹೋದ ಮೇಲೆ ಆಕೆ ತಮ್ಮ ಹೊಸ ಕುರ್ಚಿಯಲ್ಲಿ ಹತ್ತು ಸಲ ಕೂತು ಎದ್ದರು. ಏಳು ಸಲ ಮಾನಿಟರ್ ಕಪ್ಪಾಯಿತು. ಮರದ ಸ್ಟೂಲಿನಿಂದ ಹತ್ತು ಸಲ ಎದ್ದರು, ಒಮ್ಮೆಯೂ ಆಗಲಿಲ್ಲ. ಎದ್ದಾಗ ಕುರ್ಚಿಯಲ್ಲಿ ಹುಟ್ಟುತ್ತಿದ್ದ ಸ್ಥಿರವಿದ್ಯುತ್ತು ಮಾನಿಟರಿನ ತೆಳ್ಳನೆಯ ಕೇಬಲ್ಲಿನ ಸಂಕೇತವನ್ನು ಕೆಡಿಸುತ್ತಿತ್ತು.

ಸೋಮವಾರ ಸಾಹೇಬರು ಬಂದರು. ಯಾರೂ ಏಳಲಿಲ್ಲ.

“ತಪ್ಪು ತಿಳ್ಕೋಬೇಡಿ ಸರ್, ಕೂತಿರಿ ಅಂತ ನಾನೇ ಹೇಳಿದ್ದು. ಮಾನಿಟರ್ ನೋಡಿ.”

ನಕ್ಷೆ ಅಲುಗಲಿಲ್ಲ. ಆದರೆ ಪಕ್ಕದ ಮೇಜಿನ ಹಿರಿಯ ಗುಮಾಸ್ತರಿಗೆ ತಡೆಯಲಾಗಲಿಲ್ಲ. ಕೈಮುಗಿದು ಎದ್ದೇಬಿಟ್ಟರು. ಮಾನಿಟರ್ ಕಪ್ಪಾಯಿತು.

“ಅಣ್ಣ, ಐದು ನಿಮಿಷ ಮರ್ಯಾದೆ ಬಿಟ್ಟು ಕೂರೋಕಾಗಲ್ವಾ ನಿಮಗೆ?” ಎಂದರು ಅಕ್ಕ. “ಇರಲಿ, ಸರ್‌ಗೆ ಇದನ್ನೂ ತೋರಿಸ್ಬೇಕಿತ್ತು.”

ಸಾಹೇಬರು ಆ ಕುರ್ಚಿ ಎಳೆದುಕೊಂಡು ತಾವೇ ಕೂತು ಎದ್ದರು. ಮತ್ತೆ ಕಪ್ಪು. ಅಕ್ಕ ಭಾನುವಾರ ಕೊಂಡು ತಂದಿದ್ದ ಹೊರಗಿನ ವಿದ್ಯುತ್ತು ತಟ್ಟದಂಥ ದಪ್ಪ ಕವಚದ ಗಿಡ್ಡ ಕೇಬಲ್ ಜೋಡಿಸಿ, “ಈಗ ಎಲ್ಲರೂ ಏಳಿ” ಎಂದರು. ಇಡೀ ಕೋಣೆ ಎದ್ದಿತು. ನಕ್ಷೆ ಹಾಗೇ ಇತ್ತು.

“ನಕ್ಷೆ ಕೆಲಸ ಎಲ್ಲೂ ಹೋಗಲ್ಲ, ನೀವೂ ಹೋಗಲ್ಲ. ಇದನ್ನೆಲ್ಲ ಬರೆದುಕೊಡಿ,” ಎಂದರು ಸಾಹೇಬರು.

ಆ ಒಂದು ಪುಟದ ವರದಿ ಈಗ ಉಳಿದ ವಿಭಾಗಗಳ ಸೂಚನಾ ಫಲಕದಲ್ಲೂ ಇದೆ. ‘ಲಿನಕ್ಸ್‌ನಲ್ಲಿ ಯಾವ ದೋಷವೂ ಇರಲಿಲ್ಲ’ ಎಂಬ ಸಾಲಿನ ಕೆಳಗೆ ಆಕೆ ಸ್ಕೇಲಿಟ್ಟು ಎರಡು ಗೆರೆ ಎಳೆದಿದ್ದಾರೆ.