ಗಿರಿಜೆಯನ್ನು ಬಸ್ಸಿಗೆ ಕೊಟ್ಟ ದಿನ

ಗಿರಿಜೆಯನ್ನು ಸಿದ್ದಾಪುರದ ಬಸ್ಸಿಗೆ ಹತ್ತಿಸಿದಾಗ, ಅಲ್ಲಿ ಅವಳನ್ನು ಇಳಿಸಿಕೊಳ್ಳಲು ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೂರು ವರ್ಷದಿಂದ ನಿಮ್ಮೆದುರು ಬೇರೆಯದನ್ನೇ ಹೇಳಿಕೊಂಡು ಬಂದಿದ್ದೇನೆ. ಅವಳ ತಮ್ಮನಿಗೆ ಫೋನ್ ಮಾಡಿದ್ದೆ, ನೆಟ್‌ವರ್ಕ್ ಇರಲಿಲ್ಲ, ಅವನಿಗೆ ಮಾತು ಸರಿಯಾಗಿ ಕೇಳಲಿಲ್ಲ ಎಂದೆ. ಸುಳ್ಳು. ನಾನು ಫೋನ್ ಮಾಡಲೇ ಇಲ್ಲ.

ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವ ನಾವು ತಿಂಗಳಿಗೊಮ್ಮೆ ಶಿರಸಿಯ ಆ ಶಾಲೆಯ ಕೋಣೆಯಲ್ಲಿ ಸೇರುತ್ತೇವೆ. ಈ ಸಲ ಸಭೆ ನಡೆಸುವ ಮೇಡಂ ಕೇಳುವ ಮೊದಲೇ ನಾನೇ ಎದ್ದು ಇದನ್ನು ಓದಬೇಕೆಂದಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನಡುವೆ ಎಲ್ಲೋ ಮತ್ತೆ ಸುಳ್ಳಿನ ಕಡೆ ಹೊರಳಿಬಿಡುತ್ತೇನೆ — ಅಷ್ಟು ರೂಢಿಯಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್ ಆಗಿದ್ದವನು ಎಂದು ನಿಮಗೆ ಗೊತ್ತು. ಕಾಯಿಲೆ ಹೆಚ್ಚಾದ ಮೇಲೆ ಗಿರಿಜೆಗೆ ನಾನು ಗಂಡ ಎಂಬುದು ಮರೆತುಹೋಯಿತು, ಕಂಡಕ್ಟರ್ ಎಂಬುದು ಮಾತ್ರ ಉಳಿಯಿತು. ಬೆಳಗಿನಿಂದ ಒಂದೇ ಪ್ರಶ್ನೆ — "ಕಂಡಕ್ಟರ್ರೇ, ಬಿಳಗಿ ಬಂತಾ?" ಬಿಳಗಿ ಅವಳ ತವರು, ಸಿದ್ದಾಪುರದಿಂದ ಮುಂದೆ. ಮೊದಮೊದಲು ನಾನು ಜಗಳ ಮಾಡುತ್ತಿದ್ದೆ. ಇದೇ ನಿನ್ನ ಮನೆ, ನಾನು ನಿನ್ನ ಗಂಡ, ಕಣ್ಣು ಬಿಟ್ಟು ನೋಡು ಎಂದು ಕೂಗಾಡುತ್ತಿದ್ದೆ. ಹಾಗೆ ಮಾಡಬೇಡಿ ಎಂದು ಹೇಳಿಕೊಟ್ಟವರು ನಮ್ಮ ಮೇಡಂ. "ಇಲ್ಲ ಅನ್ನಬೇಡಿ ರಾಮಣ್ಣ. ಬಿಳಗಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ಒಂದು ಸುತ್ತು ಹೋಗಿ ಬನ್ನಿ." ಆ ಮಾತಿನಿಂದ ನನಗೆ ಎಷ್ಟೋ ಉಪಕಾರವಾಯಿತು. "ಮುಂದಿನ ಸ್ಟಾಪು ತಾಯಿ, ಚಿಲ್ಲರೆ ಇದ್ಯಾ?" ಎಂದರೆ ಗಿರಿಜೆ ಸೆರಗಿನ ಗಂಟು ಬಿಚ್ಚುವಂತೆ ಮಾಡಿ ನಗುತ್ತಿದ್ದಳು. ಒಮ್ಮೊಮ್ಮೆ ನಿಜವಾಗಿಯೂ ಬಸ್ಸಿನಲ್ಲಿ ಅದೇ ದಾರಿಯ ಕಾನಸೂರಿನವರೆಗೆ ಕರೆದುಕೊಂಡು ಹೋಗಿ, ಚಹಾ ಕುಡಿಸಿ, ವಾಪಸ್ ಕರೆತರುತ್ತಿದ್ದೆ.

ಆ ದಿನವೂ ಹಾಗೆಯೇ ಹೊರಟೆವು. ಬಸ್ ಸ್ಟ್ಯಾಂಡಿನಲ್ಲಿ ನಾನು ಅವಳ ಕೈ ಹಿಡಿದೆ. ಅವಳು ಕೊಡವಿಕೊಂಡು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು — "ಇವ ಯಾರೋ ಏನೋ, ಬೆಳಿಗ್ಗೆಯಿಂದ ನನ್ನ ಹಿಂದೇ ಬರ್ತಾ ಇದ್ದಾನೆ! ಯಾರಾದ್ರೂ ಇವನಿಗೆ ಹೇಳಿ!" ಜನ ತಿರುಗಿ ನೋಡಿದರು. ಒಬ್ಬ ಹೆಂಗಸು ಗಿರಿಜೆಯನ್ನು ತನ್ನ ಕಡೆ ಎಳೆದುಕೊಂಡಳು. ನಾನು ನಲವತ್ತು ವರ್ಷದ ಸಂಸಾರವನ್ನು ಆ ಹೆಂಗಸಿಗೆ ವಿವರಿಸುತ್ತ ನಿಂತೆ.

ಅವಮಾನವಾಯಿತು, ನಿಜ. ಆದರೆ ಅದನ್ನು ಕಾರಣವೆಂದು ಹೇಳಲಾರೆ. ಅದಕ್ಕಿಂತ ದೊಡ್ಡ ಅವಮಾನಗಳನ್ನು ನೀವೆಲ್ಲ ನುಂಗಿದ್ದೀರಿ. ನುಂಗಿ, ಮನೆಗೆ ಹೋಗಿ ಅನ್ನ ಕಲಸಿ ಉಣಿಸಿದ್ದೀರಿ.

ಬಿಳಗಿ ಕಡೆ ಹೋಗುವ ಬಸ್ಸು ಎಂದ ಮೇಲೆ ತಾನೇ ಹತ್ತಿದ ಗಿರಿಜೆಯನ್ನು ಕಿಟಕಿ ಪಕ್ಕ ಕೂರಿಸಿ ನಾನು ಕೆಳಗೆ ನಿಂತಿದ್ದೆ. ಆ ಬಸ್ಸಿನ ಕಂಡಕ್ಟರ್ ಗಜಾನನ. ನನ್ನ ಕೈಕೆಳಗೆ ಕೆಲಸ ಕಲಿತವನು, ಈಗ ಅವನಿಗೂ ತಲೆ ನರೆತಿದೆ.

"ಎಂತ ರಾಮಣ್ಣ, ಅತ್ತಿಗೆ ಒಬ್ರೇ ಹೊರಟ್ರಾ?" ಎಂದ.

ನಮ್ಮ ಕಡೆ ಬಸ್ಸಿಗೆ ಕೊಟ್ಟು ಕಳಿಸುವುದು ಹೊಸತೇನಲ್ಲ. ಔಷಧ, ಹೂವು, ಮರೆತು ಬಂದ ಕನ್ನಡಕ, ಕಣ್ಣು ಕಾಣದ ಅಜ್ಜಿ — ಯಾವುದನ್ನೇ ಆಗಲಿ, ಕಂಡಕ್ಟರಿಗೆ ಒಂದು ಮಾತು ಹೇಳಿ ಹತ್ತಿಸುತ್ತಾರೆ. ಆ ಕಡೆ ಯಾರೋ ನಿಂತಿದ್ದು ಇಳಿಸಿಕೊಳ್ಳುತ್ತಾರೆ. ನಾನೇ ಎಷ್ಟೋ ಜನರ ಅಪ್ಪ ಅಮ್ಮಂದಿರನ್ನು ಹಾಗೆ ತಲುಪಿಸಿದ್ದೇನೆ. ಆ ನಂಬಿಕೆಯ ಒಳಹೊರಗೆಲ್ಲ ನನಗೆ ಗೊತ್ತಿತ್ತು. ಗಜಾನನ ನನ್ನನ್ನು ಎರಡನೇ ಪ್ರಶ್ನೆ ಕೇಳುವುದಿಲ್ಲ ಎಂಬುದೂ ಗೊತ್ತಿತ್ತು.

"ಹೌದೋ. ಸಿದ್ದಾಪುರದಲ್ಲಿ ಅವಳ ತಮ್ಮ ನಿಂತಿರ್ತಾನೆ. ಇಳಿಸಿಬಿಡು."

ಇಷ್ಟೇ ಅಂದದ್ದು. ಆಮೇಲೆ ನನ್ನ ಕೈ ಬಸ್ಸಿನ ತಗಡಿಗೆ ಎರಡು ಸಲ ಬಡಿಯಿತು — ರೈಟ್, ರೈಟ್. ಡ್ರೈವರ್ ಹೊರಟುಬಿಟ್ಟ. ಗಿರಿಜೆ ಕಿಟಕಿಯಿಂದ ನನ್ನನ್ನು ನೋಡಿದಳು. ಆಗ ಅವಳ ಮುಖದಲ್ಲಿ ಗುರುತು ಇತ್ತೇ? ಇತ್ತು ಎಂದು ಕೆಲವು ದಿನ ಅನಿಸುತ್ತದೆ. ಇರಲಿಲ್ಲ ಎಂದು ಕೆಲವು ದಿನ —

ಮನೆಗೆ ಹೋದೆ. ಅನ್ನ, ಸಾರು ಬಿಸಿ ಮಾಡಿಕೊಂಡು ಊಟ ಮಾಡಿದೆ. ಮಲಗಿದೆ. ಎಷ್ಟೋ ತಿಂಗಳಲ್ಲಿ ಬಾರದಂಥ ನಿದ್ದೆ ಬಂತು. ಕನಸಿಲ್ಲ, ಎಚ್ಚರವಿಲ್ಲ. ಎದ್ದಾಗ ಬಿಸಿಲು ಇಳಿದಿತ್ತು, ಮನೆ ಸದ್ದಿಲ್ಲದೆ ಇತ್ತು. ಆ ಸದ್ದಿಲ್ಲದ ಮನೆಯಲ್ಲಿ ನಾನು ಮೊದಲು ಹೆದರಿದ್ದು ಗಿರಿಜೆಗೆ ಏನಾಯಿತೋ ಎಂದಲ್ಲ. ಯಾರಿಗಾದರೂ ಗೊತ್ತಾದರೆ ಏನು ಮಾಡಲಿ ಎಂದು. ಭಾವಮೈದನಿಗೆ ಫೋನ್ ಮಾಡಿದ್ದು ಆಮೇಲೆ. "ಬೆಳಿಗ್ಗೆನೇ ಹೇಳಿದ್ನಲ್ಲೋ, ಅಕ್ಕನ್ನ ಇಳಿಸ್ಕೊಂಡ್ಯಾ?" ಎಂದೆ. ಅವನು ಕಂಗಾಲಾಗಿ, "ಇಲ್ಲ ಭಾವ, ನಂಗೆ ಎಂತೂ ಕೇಳ್ಲೇ ಇಲ್ಲ" ಎಂದ. ಬಾರದ ಫೋನಿಗೆ ತನ್ನ ಕಿವಿಯದೇ ತಪ್ಪಿರಬೇಕು ಎಂಬಂತೆ.

ಮರುದಿನ ಬೆಳಕು ಹರಿದ ಮೇಲೆ, ಡೇರಿಗೆ ಹಾಲು ಒಯ್ಯುವವರು ಅವಳನ್ನು ಬಿಳಗಿ ದಾರಿಯಲ್ಲಿ ಗದ್ದೆ ಅಂಚಿನಲ್ಲಿ ಕಂಡರು. ಚಪ್ಪಲಿ ಇರಲಿಲ್ಲ. ಅಂಗಾಲು ಸೀಳಿತ್ತು. ನಡೆದೇ ತವರಿಗೆ ಹೊರಟಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳು ಬಿಳಗಿ ಬಂತಾ ಎಂದು ಕೇಳಲಿಲ್ಲ. ಈಗ ಏನನ್ನೂ ಕೇಳುವುದಿಲ್ಲ.

ಗಜಾನನ ಹಣ್ಣು ಹಿಡಿದುಕೊಂಡು ಬಂದ. ಸಿದ್ದಾಪುರದಲ್ಲಿ ಬಸ್ಸು ನಿಲ್ಲುವಷ್ಟು ಹೊತ್ತೂ ಕಾದಿದ್ದನಂತೆ. ಬೆಂಚಿನ ಮೇಲೆ ಕೂರಿಸಿ, ಪಕ್ಕದ ಅಂಗಡಿಯವನಿಗೆ ನೋಡಿಕೊಳ್ಳಲು ಹೇಳಿ, ಹೊತ್ತಾಯಿತೆಂದು ಹೊರಟನಂತೆ. ನನ್ನ ಕಾಲು ಮುಟ್ಟಿ ಅತ್ತ. "ನಂದೇ ತಪ್ಪು ಅಣ್ಣ. ಬಸ್ ಲೇಟಾದ್ರೆ ಆಗ್ಲಿ ಅಂತ ಇನ್ನೂ ಸ್ವಲ್ಪ ನಿಲ್ಲಬೇಕಿತ್ತು."

ನಾನು ಅವನ ಬೆನ್ನು ತಟ್ಟಿ, "ಹೋಗ್ಲಿ ಬಿಡೋ" ಎಂದೆ. ಅವನನ್ನು ಕ್ಷಮಿಸಿದೆ. ನಾನು — ಅವನನ್ನು!

ಮುಂದಿನ ಸಭೆಯಲ್ಲಿ ನೀವು ನನ್ನನ್ನು ಸುತ್ತುವರಿದಿರಿ. ಮೇಡಂ ನನ್ನ ಪಕ್ಕದಲ್ಲೇ ಕೂತು, "ನೆಟ್‌ವರ್ಕ್ ಇಲ್ಲದಿದ್ದರೆ ನೀವೇನು ಮಾಡ್ತೀರಿ? ನಿಮ್ಮದೇನೂ ತಪ್ಪಿಲ್ಲ. ತಪ್ಪು ಮಾಡಿದೆ ಅನ್ನೋ ಭಾರ ಇಳಿಸಿಬಿಡಿ" ಎಂದರು. ನಾನು ಅತ್ತೆ. ನಿಜವಾಗಿಯೂ ಅತ್ತೆ. ಆ ಸಮಾಧಾನ ಬೇರೆ ಯಾರಿಗೋ ಸಲ್ಲಬೇಕಾದದ್ದು, ನಾನು ಕೈಚಾಚಿ ತೆಗೆದುಕೊಂಡೆ. ಅದು ಒಗ್ಗಿತು ಕೂಡ. ಕ್ರಮೇಣ ನಾನು ಹೊಸಬರಿಗೆ ಹೇಳಿಕೊಡುವ ಹಳಬನಾದೆ. ರವಿಕೆಯ ಒಳಗೆ ಫೋನ್ ನಂಬರ್ ಬರೆದ ಬಟ್ಟೆ ಹೊಲಿಯಿರಿ, ಒಬ್ಬರನ್ನೇ ಬಿಡಬೇಡಿ, ತಾಳ್ಮೆ ಇರಲಿ — ನನ್ನ ಬಾಯಿಂದ ಈ ಮಾತು!

ಮನೆಯಲ್ಲಿ ನಾನು ಬಾಗಿಲ ಕಡೆ ಹೆಜ್ಜೆ ಇಟ್ಟರೆ ಗಿರಿಜೆ ನನ್ನ ಅಂಗಿಯ ತುದಿ ಹಿಡಿಯುತ್ತಾಳೆ. ಅದು ನಂಬಿಕೆ ಎಂದು ಮೇಡಂ ಹೇಳಿದರು. ಅವಳಿಗೆ ನೆನಪಿಲ್ಲ ಎನ್ನುತ್ತಾರೆ ಡಾಕ್ಟರು. ಆದರೆ ಆ ಬೆರಳುಗಳಿಗೆ?

ಇಷ್ಟನ್ನೂ ನುಂಗಿಕೊಂಡೇ ಸಾಯುತ್ತಿದ್ದೆನೇನೋ. ಸಿದ್ದಾಪುರದ ಕಡೆಯ ತ್ಯಾಗಲಿ ಊರಿನ ಲಲಿತಾ ಹಾಗಾಗಲು ಬಿಡಲಿಲ್ಲ. ಅತ್ತೆಯನ್ನು ಒಬ್ಬರೇ ನೋಡಿಕೊಳ್ಳುವ ಅವರು ನಿಮಗೆಲ್ಲ ಗೊತ್ತು; ನಮ್ಮನ್ನು ನಗಿಸುತ್ತಿದ್ದವರೇ ಅವರು. "ನಮ್ಮತ್ತೆಗೆ ಎಲ್ಲಾ ಮರೆತೋತು, ನನ್ನ ಅಡುಗೆ ಚೊಲೋ ಇಲ್ಲೆ ಅನ್ನೋದೊಂದು ಮರೀಲಿಲ್ಲೆ!" ಮಳೆಗಾಲ ಮುಗಿದ ಮೇಲಿನ ಸಭೆಯ ದಿನ, ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ ನನ್ನನ್ನು ನಿಲ್ಲಿಸಿದರು.

"ರಾಮಣ್ಣ, ಒಂದು ಕೇಳ್ತೆ, ಬೈಯಬೇಡಿ. ಒಂದೊಂದ್ಸಲ ಅತ್ತೇನ ಬಸ್ ಹತ್ತಿಸಿ ಎಲ್ಲಾದ್ರೂ ಕಳಿಸಿಬಿಡೋಣ ಅನ್ಸ್ತು. ನಿಮಗೆ ಯಾವತ್ತಾದ್ರೂ ಹಾಗೆ ಅನ್ಸಿತ್ತಾ?"

ಇವರಿಗೆ ಗೊತ್ತಾಗಿದೆ ಎಂದುಕೊಂಡೆ. ಅವರ ಮುಖ ನೋಡಿದೆ — ಗೊತ್ತಿರಲಿಲ್ಲ. ಅಲ್ಲಿ ಇದ್ದದ್ದು ಹೆದರಿಕೆ ಮಾತ್ರ. ತನ್ನ ಬಗ್ಗೆ ತನಗೇ ಹುಟ್ಟಿದ ಹೆದರಿಕೆ. ಒಬ್ಬರು, ಒಬ್ಬರೇ ಒಬ್ಬರು, ಹೌದು ಎಂದಿದ್ದರೆ ಅವರಿಗೆ ಸಾಕಿತ್ತು.

"ಛೆ, ಎಂತ ಮಾತು ತಂಗಿ! ಹಾಗೆ ಯೋಚನೆ ಮಾಡೋದೇ ಪಾಪ" ಎಂದೆ.

ಅವರು ನಕ್ಕರು. "ಸುಮ್ನೆ ತಮಾಷೆಗೆ ಹೇಳ್ದೆ" ಎಂದು ಬೇಗ ಬೇಗ ಇಳಿದು ಹೋದರು. ಆಮೇಲೆ ಅವರು ಸಭೆಗೆ ಬಂದಿಲ್ಲ. ಮೇಡಂ ಫೋನ್ ಮಾಡಿದರೆ "ಎಲ್ಲಾ ಆರಾಮ" ಎನ್ನುತ್ತಾರಂತೆ. ಮೇಡಂ ಫೋನಿನಿಂದ ನಾನೂ ಅವರ ಜೊತೆ ಮಾತಾಡಿದೆ. ಅದೇ ಮಾತು, ಆರಾಮ. ಆ ಧ್ವನಿಯನ್ನು ನಾನು ಬಲ್ಲೆ. ಆ ದಿನ ಬೆಳಿಗ್ಗೆ ಮಗಳು ಯಲ್ಲಾಪುರದಿಂದ ಫೋನ್ ಮಾಡಿದಾಗ ನಾನೂ ಆರಾಮ ಎಂದೇ ಹೇಳಿ, ಗಿರಿಜೆಯ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟಿದ್ದೆ.

ಅಂದಿನಿಂದ ಸಿದ್ದಾಪುರದ ಕಡೆಯಿಂದ ಯಾರು ಬಂದರೂ ಹೆದರಿಕೆ. ತ್ಯಾಗಲಿಯ ಸುದ್ದಿ ತಂದಿದ್ದಾರೇನೋ ಎಂದು. ಆ ಮುದುಕಿ ಎಲ್ಲಿದ್ದಾರೋ, ಲಲಿತಾ ಏನು ಮಾಡಿಕೊಂಡರೋ ಎಂದು. ಏನೂ ಆಗದೆ ಇರಲಿ. ಆದರೆ ಏನಾದರೂ ಆಗಿಬಿಟ್ಟರೆ, ಅದರಲ್ಲಿ ನನ್ನ ಕೈ ಇರುತ್ತದೆ.

ಮಗಳಿಗೆ ಮೊನ್ನೆ ಫೋನಿನಲ್ಲಿ ನಿಜ ಹೇಳಿದೆ. ಅವಳು, "ಅಮ್ಮ ಊಟ ಮಾಡಿದ್ಲಾ?" ಎಂದು ಮಾತ್ರ ಕೇಳಿದಳು. ಮರುದಿನವೇ ಬಂದಳು. ಈಗ ಅಮ್ಮನ ಹತ್ತಿರ ಅವಳೇ ಇದ್ದಾಳೆ. ನನ್ನ ಜೊತೆ ಮಾತಿಲ್ಲ. ಅದು ಅವಳಿಗೆ ಬಿಟ್ಟದ್ದು. ಗಜಾನನನ ಮನೆಗೂ ಹೋಗಿ ಹೇಳಿ ಬಂದೆ. ಅವನು ಏನಂದ ಎಂಬುದನ್ನು ಅವನ ಒಪ್ಪಿಗೆಯಿಲ್ಲದೆ ಇಲ್ಲಿ ಹೇಳಲಾರೆ.

ಇದನ್ನು ಓದಿ ಮುಗಿಸಿದ ಮೇಲೆ ನೀವು ನನ್ನನ್ನು ಸಮಾಧಾನ ಮಾಡಬೇಡಿ. ಭಾರ ಇಳಿಸಿ ಎಂದು ಯಾರೂ ಹೇಳಬೇಡಿ. ಮೇಡಂ ಹತ್ತಿರ ಒಂದೇ ಕೇಳಿಕೊಳ್ಳುತ್ತೇನೆ — ಇವತ್ತೇ, ಈ ಸಭೆ ಮುಗಿದ ಕೂಡಲೇ, ನನ್ನ ಜೊತೆ ತ್ಯಾಗಲಿಗೆ ಬನ್ನಿ. ಲಲಿತಾ ಬಾಗಿಲು ತೆರೆದರೆ ಮೊದಲು ನಾನು ಮಾತಾಡುತ್ತೇನೆ. ಹೌದು ತಂಗಿ, ನನಗೆ ಹಾಗೆ ಅನಿಸಿತ್ತು. ಅನಿಸಿದ ದಿನ ಯಾರಿಗೂ ಹೇಳದೆ, ಮಾಡಿಯೇಬಿಟ್ಟೆ. ಆಮೇಲೆ ಅವರು ಏನೇ ಅಂದರೂ ನಿಂತು ಕೇಳುತ್ತೇನೆ.