ಆಪರೇಷನ್ ಆದರೆ ಮಾತ್ರ ಕಾರ್ಡು

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಮೇಲೆ ನಿಂತು ಸೊಪ್ಪು ಕಟ್ಟಿದ ಕಡ್ಡಿ ಜೋಡಿಸುತ್ತಿದ್ದ ನಮ್ಮನೆಯವರು ಕೆಳಗಿಳಿದು ಬಂದು ಗೋಡೆಗೆ ಒರಗಿ ಕುಳಿತರು. ಉಸಿರು ಸಿಗುತ್ತಿಲ್ಲ ಎಂದರು. ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ. ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾದು ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂದುಕೊಂಡೆ. ವಾರ ಕಳೆದರೂ ಏದುಸಿರು ಹೋಗಲಿಲ್ಲ. ಹನಗೋಡಿನ ಡಾಕ್ಟರು ಎದೆಗಿಟ್ಟ ಸ್ಟೆತಸ್ಕೋಪನ್ನು ತುಂಬ ಹೊತ್ತು ತೆಗೆಯಲೇ ಇಲ್ಲ. ಮೈಸೂರಿಗೆ ಹೋಗಿ ಎಂದರು.

ಆ ವರ್ಷ ಹಾಲಿನ ಡೇರಿಯ ಸದಸ್ಯರಾದ ನಮಗೆಲ್ಲ ಆರೋಗ್ಯದ ಕಾರ್ಡು ಮಾಡಿಸಿದ್ದರು. ಕಾರ್ಡಿದ್ದರೆ ಆಸ್ಪತ್ರೆ ಪುಕ್ಕಟೆ ಎಂದು ಡೇರಿ ಸೆಕ್ರೆಟರಿ ಹೇಳಿದ್ದು ನೆನಪಿತ್ತು. ಆ ಧೈರ್ಯದ ಮೇಲೆ ಬಸ್ಸು ಹತ್ತಿದೆವು.

ಮೈಸೂರಿನಲ್ಲಿ ಎದೆಗೆ ಎಕೋ ಸ್ಕ್ಯಾನ್ ಮಾಡಿದರು. ಹೃದಯದ ಒಂದು ವಾಲ್ವ್ ಕಿರಿದಾಗಿದೆ, ಚಿಕ್ಕಂದಿನಲ್ಲಿ ಬಂದಿದ್ದ ಜ್ವರದಿಂದ ಆಗಿರುವುದು ಎಂದು ಡಾಕ್ಟರು ಬಿಡಿಸಿ ಹೇಳಿ, ಮಾತ್ರೆ, ಇಂಜೆಕ್ಷನ್ ಬರೆದರು. ವರ್ಷಗಟ್ಟಲೆ ತೆಗೆದುಕೊಳ್ಳಬೇಕಂತೆ. ಕೌಂಟರಿನ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿ, ಇದು ಆಪರೇಷನ್‌ಗೆ ಮಾತ್ರ ಎಂದಳು.

ಮಾತ್ರೆಗೆ ಇಲ್ಲ. ಇಂಜೆಕ್ಷನ್‌ಗೂ ಇಲ್ಲ.

ನನಗೆ ತಲೆಬುಡ ತಿಳಿಯಲಿಲ್ಲ. ಎದೆ ಕೊಯ್ದರೆ ಪುಕ್ಕಟೆ, ಕೊಯ್ಯದಿದ್ದರೆ ಇಲ್ಲ ಎಂದರೆ ಇವರ ಕಾಯಿಲೆ ಸಣ್ಣದೆಂದು ಸಮಾಧಾನಪಡಬೇಕೋ, ದೊಡ್ಡದಾಗಲಿಲ್ಲವಲ್ಲ ಎಂದು ಅಳಬೇಕೋ? ಮತ್ತೆ ಡಾಕ್ಟರ ಕೋಣೆಗೆ ಹೋದೆ.

“ಆಪರೇಷನ್ನೇ ಮಾಡ್ಬುಡಿ ಸಾ.”

ಅವರು ಬರೆಯುವುದನ್ನು ನಿಲ್ಲಿಸಿದರು. ಈಗ ಅದು ಬೇಕಿಲ್ಲ, ಬೇಡದ್ದನ್ನು ಮಾಡಿದರೆ ಜೀವಕ್ಕೇ ಅಪಾಯ ಎಂದರು. ತಿರುಗಿದರೆ ಬಾಗಿಲಲ್ಲಿ ನಮ್ಮನೆಯವರು ನಿಂತಿದ್ದರು.

ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವರು ಮೆಲ್ಲಗೆ ಅಂದರು: “ನನ್ ಎದೆ ಕುಯ್ಸಕ್ಕೆ ವೊಂಟಿದ್ಯಲ್ಲೇ.”

“ಅಂಗಲ್ಲ ಕಣ್ರೀ,” ಎಂದೆ. ಕಣ್ಣೀರು ಬಂತು. ಅವರು ನನ್ನ ಕೈಯಲ್ಲಿದ್ದ ಆಸ್ಪತ್ರೆ ಚೀಟಿಗಳ ಚೀಲ ಇಸಿದುಕೊಂಡು ಮುಂದೆ ನಡೆದರು.

ಮೂರು ವಾರಕ್ಕೊಮ್ಮೆ ಹಾಕಿಸಬೇಕಾದ ಆ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ, ಅದಕ್ಕೆ ಯಾವ ಕಾರ್ಡೂ ಬೇಡ ಎಂದು ಆಮೇಲೆ ಒಬ್ಬ ನರ್ಸಮ್ಮ ಹೇಳಿದರು. ಅಷ್ಟು ದಿನ ನಮಗೆ ಗೊತ್ತಿರಲಿಲ್ಲ. ಯಾರನ್ನು ಕೇಳಬೇಕೆಂಬುದೂ ಗೊತ್ತಿರಲಿಲ್ಲ.

ಈಗ ಎಂಟು ತಿಂಗಳಾಯಿತು. ಬ್ಯಾರನ್ ಹತ್ತುವವಳು ನಾನು; ಅವರು ಕೆಳಗೆ ಕುಳಿತು ಕಡ್ಡಿಗೆ ಸೊಪ್ಪು ಕಟ್ಟುತ್ತಾರೆ. ಬೇಗ ನಡೆದರೆ ಏದುಸಿರು ಬರುತ್ತದೆ, ಆದರೂ ಊಟ ಸೇರುತ್ತಿದೆ. ಮೊನ್ನೆ ಡೇರಿ ಸೆಕ್ರೆಟರಿ ಮನೆಗೇ ಬಂದು, ಕಾರ್ಡಿನ ವರ್ಷ ಮುಗಿಯಿತು, ಹೊಸದು ಮಾಡಿಸುತ್ತೀರಾ ಎಂದಾಗ ಹಳೇ ಕಾರ್ಡನ್ನು ತಂದು ತಿರುಗಿಸಿ ನೋಡಿದೆ. ಮಾಡಿಸಿದರೆ ಆಪರೇಷನ್ನನ್ನು ನಾನೇ ಕರೆದಂತೆ, ಬಿಟ್ಟರೆ ದಿನವೂ ಭಯ.

“ಮಾಡ್ಸು,” ಎಂದರು ನಮ್ಮನೆಯವರು, ಸೊಪ್ಪಿನಿಂದ ತಲೆ ಎತ್ತದೆ. “ಬೇಕಾಗ್ದೇ ಇದ್ರೆ ಒಳ್ಳೇದೇಯ.”