ಮೂಕಾಂಬಿಕಾ ಟೀಚರ್ ಕೋಲಿನ ಮಹಿಮೆ

ಸಾಗರದಲ್ಲಿ ಗಾಲ್ಫ್ ಆಡುವವರಿದ್ದಾರೆ ಎಂದರೆ ಸಾಗರದವರೇ ನಗುತ್ತಾರೆ. ನಗಲಿ. ಸಿಗಂದೂರು ರಸ್ತೆಯಲ್ಲಿ ಅಜಯ್ ಎಂಬಾತ ಅಪ್ಪನ ಕಾಲದಿಂದ ದನ ಮೇಯುತ್ತಿದ್ದ ಹುಲ್ಲಿನ ಬ್ಯಾಣವನ್ನು ಸವರಿಸಿ, ಐದು ಕುಳಿ ತೋಡಿಸಿ, ಬಾವುಟ ನೆಟ್ಟು, ಪಕ್ಕದಲ್ಲಿ ರೆಸಾರ್ಟ್ ಕಟ್ಟಿದ್ದಾನೆ. ದೇವಿಯ ದರ್ಶನಕ್ಕೆ ಬಂದವರು ಗಾಲ್ಫ್ ಆಡಿ ಹೋಗುತ್ತಾರೆ ಎಂದು ಅವನ ಎಣಿಕೆ. ಬಂದವರು ಊಟ ಮಾಡಿ, ಬಾವುಟದ ಮುಂದೆ ಫೋಟೋ ಹೊಡೆಸಿಕೊಂಡು ಹೋದರು. ಕಟ್ಟಿದ್ದು ಹಾಳು ಬೀಳಬಾರದಲ್ಲ ಎಂದು ಅಜಯ್ ಊರವರನ್ನೇ ಕರೆದ. ಹಾಗೆ ಬಂದು ಅಂಟಿಕೊಂಡವರಲ್ಲಿ ಮೂಕಾಂಬಿಕಾ ಟೀಚರ್ ಒಬ್ಬರು.

ಟೀಚರ್ ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಒಕ್ಕಲು ಮನೆಯಲ್ಲಿ. ನೌಕರಿಯೆಲ್ಲ ಹೊಸನಗರದ ಒಂದು ಹೈಸ್ಕೂಲಿನಲ್ಲಿ, ಡ್ರಿಲ್ ಟೀಚರ್ ಆಗಿ. ಹೆಣ್ಣುಮಕ್ಕಳ ಖೋಖೋ ತಂಡ ಕಟ್ಟಿ, ಬೆಳಗಿನ ಮಂಜಿನಲ್ಲಿ ಸೀಟಿ ಊದಿ ಊದಿ ಗಂಟಲು ಕೆಡಿಸಿಕೊಂಡವರು. ತಂಡ ಜಿಲ್ಲೆಗೆ ಹೋಗಿ ಗೆದ್ದು ಬಂದರೆ ಹೆಡ್‌ಮಾಸ್ತರು ವೇದಿಕೆ ಹತ್ತಿ, ‘ಇದು ನಮ್ಮ ಮಲೆನಾಡಿನ ನೀರಿನ ಗುಣ’ ಎನ್ನುತ್ತಿದ್ದರು. ಸೋತು ಬಂದರೆ ಅದೇ ಹೆಡ್‌ಮಾಸ್ತರು ಟೀಚರನ್ನು ಆಫೀಸಿಗೆ ಕರೆಸಿ ಬಾಗಿಲು ಹಾಕುತ್ತಿದ್ದರು. ಸೋತಾಗ ನೀರು ಎಲ್ಲಿಗೆ ಹೋಗಿರುತ್ತದೆ ಎಂದು ಕೇಳುವ ಆಸೆ ಟೀಚರಿಗೆ ಪ್ರತಿ ವರ್ಷ ಆಗುತ್ತಿತ್ತು. ಕೇಳಲಿಲ್ಲ. ನಿವೃತ್ತಿಯಾದ ಮೇಲೆ ಸಾಗರದಲ್ಲಿ ಮನೆ ಮಾಡಿಕೊಂಡು, ಇನ್ನು ಯಾರಿಗೂ ಸೀಟಿ ಊದುವುದಿಲ್ಲ, ಆಡುವುದಿದ್ದರೆ ನಾನೇ ಆಡುತ್ತೇನೆ ಎಂದು ನಿರ್ಧರಿಸಿದರು.

ಕೋಲು ಬಂದದ್ದು ತಮ್ಮ ರವೀಶನಿಂದ. ಅವನು ಸೈನ್ಯದಲ್ಲಿದ್ದವನು, ದಂಡಿನ ಮೈದಾನಗಳಲ್ಲಿ ಗಾಲ್ಫ್ ಕಲಿತವನು. ಗಾಲ್ಫಿನಲ್ಲಿ ದೂರ ಹೊಡೆಯಲು ದಪ್ಪ ತಲೆಯ ಕೋಲು, ಗುರಿಯಿಟ್ಟು ಹೊಡೆಯಲು ತೆಳು ಕಬ್ಬಿಣದ ಕೋಲು. ಎರಡರ ಗುಣವನ್ನೂ ಬೆರೆಸಿ ಮಾಡಿದ್ದಕ್ಕೆ ಹೈಬ್ರಿಡ್ ಎಂದು ಹೆಸರು. ರವೀಶನದು ಕಬ್ಬಿಣದಂಥ ತೋಳು. ಅವನು ಬೀಸಿದರೆ ಆ ಹೈಬ್ರಿಡ್ಡಿನಿಂದ ಹೊರಟ ಚೆಂಡು ಪ್ರತಿ ಸಲವೂ ಎಡಕ್ಕೆ ತಿರುಗಿ ಎಲ್ಲೋ ಹೋಗುತ್ತಿತ್ತು. ‘ಅಕ್ಕಾ, ಇದು ನಂಗೆ ಆಗಿಬರ್ಲಿಲ್ಲ, ನೀನಿಟ್ಕೋ’ ಎಂದು ಕೊಟ್ಟುಬಿಟ್ಟ.

ಟೀಚರಿಗೆ ಅದು ಆಗಿಬಂತು. ಆಗಿಬಂತು ಎಂದರೆ ಸುಮ್ಮನೆ ಅಲ್ಲ, ಒಂದು ಇಡೀ ಬೇಸಿಗೆ ಬೆವರು ಸುರಿಸಿ ಆಗಿಬಂದದ್ದು. ಅವರದು ನಿಧಾನದ ಬೀಸು, ಭುಜದಲ್ಲಿ ಹಳೆಯ ನೋವು. ಅಂಥವರಿಗೆ ತೆಳು ಕಬ್ಬಿಣದ ಕೋಲಿನಲ್ಲಿ ಚೆಂಡು ಮೇಲೇಳುವುದಿಲ್ಲ. ಈ ಕೋಲಿನ ಭಾರವೆಲ್ಲ ತಳದಲ್ಲಿರುವುದರಿಂದ ನಿಧಾನಕ್ಕೆ ಬೀಸಿದರೂ ಚೆಂಡು ಏಳುತ್ತದೆ. ಆದರೆ ಒಂದು ಷರತ್ತು: ಚೆಂಡನ್ನು ಎತ್ತಲು ಹೋಗಬಾರದು, ಮೇಲಿನಿಂದ ಇಳಿಸಿ ಹೊಡೆಯಬೇಕು, ಏಳಿಸುವ ಕೆಲಸವನ್ನು ಕೋಲಿಗೆ ಬಿಡಬೇಕು. ಇಷ್ಟು ತಿಳಿಯಲು ಟೀಚರ್ ಹೊಡೆದ ಚೆಂಡುಗಳನ್ನು ಹೆಕ್ಕಿದ್ದರೆ ಕುಕ್ಕೆಗಟ್ಟಲೆ ಆಗುತ್ತಿತ್ತು.

ಅವರ ಚೆಂಡು ಎದ್ದು, ಬಾಗದೆ, ಬಾವುಟದ ಬುಡಕ್ಕೆ ಬೀಳತೊಡಗಿದ್ದೇ ತಡ, ಶುರುವಾಯಿತು. ಎಲ್ಲರ ಕಣ್ಣೂ ಕೋಲಿನ ಮೇಲೆ. ಟೀಚರ್ ಮೇಲೆ ಒಬ್ಬರದೂ ಇಲ್ಲ.

‘ಹೈಬ್ರಿಡ್ ಅಂದ್ಮೇಲೆ ಇಳುವರಿ ಜಾಸ್ತಿ ಇರ್ಲೇಬೇಕಲ್ಲ’ ಎಂದರು ಅಡಿಕೆ ಮಂಡಿಯ ಸುಂದರೇಶ. ‘ಒಂದ್ಸಲ ಕೊಡಿ ಇಲ್ಲಿ.’

ಕೊಟ್ಟರು. ಕೊಡದೆ ಏನು ಮಾಡುತ್ತಾರೆ? ಈ ಕಡೆ ಸಲಕರಣೆ ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಏಣಿ, ಗುದ್ದಲಿ, ದೋಟಿ, ಸೊಪ್ಪಿನ ಕತ್ತಿ, ಯಾವುದಾದರೂ ಸರಿ, ಕೇಳಿದರೆ ಕೊಡಬೇಕು. ಒಯ್ದವನೂ ಹಾಗೇ ತಂದುಕೊಡುವಂತಿಲ್ಲ. ಕತ್ತಿಯಾದರೆ ಮಸೆದು ಕೊಡಬೇಕು, ಗುದ್ದಲಿಯಾದರೆ ಕಾವು ಬಿಗಿದು ಕೊಡಬೇಕು. ಒಯ್ದದ್ದಕ್ಕಿಂತ ಚೆನ್ನಾಗಿ ಹಿಂದಿರುಗಿಸಿದವನೇ ಮರ್ಯಾದಸ್ಥ. ಟೀಚರ್ ಬೆಳೆದದ್ದೂ ಇದರಲ್ಲೇ.

ಸುಂದರೇಶ ಚೆಂಡನ್ನು ಎತ್ತಲು ಹೋದರು. ಅದು ನೆಲ ಬಿಡದೆ ಹುಲ್ಲಿನ ಮೇಲೆ ಉರುಳಿ ಹತ್ತು ಮಾರು ಆಚೆ ನಿಂತಿತು. ‘ಎತ್ತಬೇಡಿ ಸುಂದರೇಶಣ್ಣ, ಇಳಿಸಿ ಹೊಡೀರಿ’ ಎಂದರು ಟೀಚರ್. ಸುಂದರೇಶ ಇನ್ನೂ ಜೋರಾಗಿ ಎತ್ತಿದರು. ಹೊಸನಗರದಲ್ಲಿ ಹಲ್ಲಿನ ಡಾಕ್ಟರಾಗಿರುವ ಅಪೇಕ್ಷಾ ಕಾಲೇಜಿನಲ್ಲಿ ಕ್ರಿಕೆಟ್ ಆಡಿದವಳು, ತೋಳಿನಲ್ಲಿ ರವೀಶನಷ್ಟೇ ಕಸುವು. ಅವಳು ಹೊಡೆದದ್ದೆಲ್ಲ ಎಡಗಡೆಯ ಅಕೇಶಿಯಾ ನೆಡುತೋಪಿಗೆ ಹೋಯಿತು. ‘ಕೋಲಲ್ಲೇ ಡಿಫೆಕ್ಟ್ ಇದೆ ಟೀಚರ್’ ಎಂದು ತೀರ್ಪು ಕೊಟ್ಟು ಕಾರು ಹತ್ತಿದಳು. ತೋಟದ ಗೌರೀಶ ಕಳೆ ಕತ್ತರಿಸುವ ಯಂತ್ರ ಹಿಡಿದ ಹಾಗೆ ಅಡ್ಡಡ್ಡ ಬೀಸಿದರು. ಹತ್ತಕ್ಕೊಂದು ಚೆಂಡು ಹೇಗೋ ಸರಿಯಾಗಿ ಸಿಕ್ಕಿ ದೂರ ಹಾರಿತು. ಆಗ ಅವರಿಗಾದ ಖುಷಿ ನೋಡಬೇಕಿತ್ತು. ‘ಕೋಲು ಅಂದ್ರೆ ಇದಪ್ಪ!’ ಎಂದು ಕೋಲಿಗೇ ಮುತ್ತು ಕೊಟ್ಟರು. ಉಳಿದ ಒಂಬತ್ತರ ಬಗ್ಗೆ ಮಾತಿಲ್ಲ.

ಟೀಚರಿಗೆ ಮೈ ಉರಿಯಿತು. ಅಲ್ಲಾ, ಒಂದೇ ಕೋಲು ನಾಲ್ವರ ಕೈಯಲ್ಲಿ ನಾಲ್ಕು ಥರ ಆಡುತ್ತದೆ ಎಂದರೆ ವ್ಯತ್ಯಾಸ ಎಲ್ಲಿದೆ ಎಂದು ಯೋಚಿಸಲು ಬುದ್ಧಿವಂತಿಕೆ ಎಷ್ಟು ಬೇಕು? ಇವರೆಲ್ಲ ಕೆಟ್ಟದಾಗಿ ಹೊಡೆದರೆ ಕೋಲು ಕೆಟ್ಟದ್ದು. ನಾನು ಚೆನ್ನಾಗಿ ಹೊಡೆದರೆ ಕೋಲು ಒಳ್ಳೆಯದು. ಎರಡರಲ್ಲೂ ನಾನೆಲ್ಲಿದ್ದೇನೆ?

ಹೀಗಿರುವಾಗ ಅಜಯ್ ಒಂದು ಸುದ್ದಿ ತಂದ. ಕರಾವಳಿಯಲ್ಲಿ ಹಿರಿಯರಿಗಾಗಿ ಒಂದು ಪಂದ್ಯ, ಇವನ ಮೈದಾನದಿಂದ ಒಬ್ಬರನ್ನು ಕಳಿಸಬಹುದು. ಹುಲಿಕಲ್ ಘಾಟಿ ಇಳಿದು ಹೋಗಿ ಆಡಿ ಬರಬೇಕು. ಆ ವಯಸ್ಸಿನವರಲ್ಲಿ ಆಡಬಲ್ಲವರು ಇಬ್ಬರೇ: ಟೀಚರ್ ಮತ್ತು ಸುಂದರೇಶ. ಭಾನುವಾರ ಇಬ್ಬರೂ ಐದು ಕುಳಿ ಆಡಲಿ, ಕಡಿಮೆ ಹೊಡೆತದಲ್ಲಿ ಮುಗಿಸಿದವರು ಹೋಗಲಿ ಎಂದಾಯಿತು. ಸುಂದರೇಶ ಎಲ್ಲರೆದುರಿಗೇ ನಕ್ಕು, ‘ನಂದು ಟೀಚರ್ ಜೊತೆ ಆಟ ಅಲ್ಲ ಮಾರಾಯ, ಆ ಕೋಲಿನ ಜೊತೆ’ ಎಂದರು. ಎಲ್ಲರೂ ನಕ್ಕರು. ಟೀಚರೂ ನಗಬೇಕಾಯಿತು. ಆದರೆ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡರು: ಹೋಗುವುದು ದೊಡ್ಡದಲ್ಲ, ಈ ಜನರ ಬಾಯಲ್ಲಿ ಒಂದು ಸಲ, ಒಂದೇ ಒಂದು ಸಲ, ‘ಟೀಚರ್ ಚೆನ್ನಾಗಿ ಆಡಿದರು’ ಎಂಬ ಮಾತು ಬರಬೇಕು.

ಅದೇ ವಾರ ಗೌರೀಶ ಮನೆಗೇ ಬಂದು ಕೋಲು ಕೇಳಿದರು. ‘ಎರಡು ದಿನ ಟೀಚರೇ, ತೋಟದ ತಲೆಯ ಬಯಲಲ್ಲಿ ಸ್ವಲ್ಪ ಅಭ್ಯಾಸ ಮಾಡ್ತೆ.’ ಭಾನುವಾರ ಪರೀಕ್ಷೆ ಇದೆ ಎಂದು ಟೀಚರ್ ಗೊಣಗಿದರು. ಶನಿವಾರವೇ ತಂದುಕೊಡುತ್ತೇನೆ ಎಂದರು ಗೌರೀಶ. ಟೀಚರ್ ಕೊಟ್ಟರು.

ಹೇಳಿದಂತೆ ಶನಿವಾರ ತಂದರು. ಪೇಪರಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದರೆ ಚೆಂಡಿಗೆ ತಾಗುವ ಕೋಲಿನ ಮುಖ ಸ್ಟೀಲ್ ತಟ್ಟೆಯ ಹಾಗೆ ಫಳಫಳ.

‘ಇದೆಂತ ಮಾಡಿದ್ರಿ?’ ಎಂದರು ಟೀಚರ್.

‘ಎಂತ ಇಲ್ಲೆ ಟೀಚರೇ. ಮುಖದ ತುಂಬ ಗೀರು ಬಿದ್ದಿತ್ತಲ್ಲ, ಕನ್ನಪ್ಪನ ವರ್ಕ್‌ಶಾಪಲ್ಲಿ ತಿಕ್ಕಿಸಿ ಪಾಲಿಶ್ ಮಾಡ್ಸಿದೆ. ಒಂದು ಗೀರೂ ಉಳೀದಂಗೆ ತೆಗ್ಸಿದ್ದೆ, ಮುಟ್ಟಿ ನೋಡಿ.’

ಮುಟ್ಟಿ ನೋಡಿದರು. ಬೆರಳು ಜಾರಿತು. ಆ ಗೀರುಗಳು ಸವೆದು ಬಿದ್ದವಲ್ಲ, ಬೇಕೆಂದೇ ಕೊರೆದವು. ಒದ್ದೆ ಹುಲ್ಲಿನಲ್ಲಿ ಚೆಂಡನ್ನು ಕಚ್ಚಿ ಹಿಡಿದು ಗಿರಗಿರ ತಿರುಗಿಸಿ ಕಳಿಸುವವು. ಹಾಗೆ ತಿರುಗಿದ ಚೆಂಡು ಬಿದ್ದಲ್ಲಿ ನಿಲ್ಲುತ್ತದೆ. ಗೀರಿಲ್ಲದಿದ್ದರೆ ಬಿದ್ದ ಮೇಲೂ ಓಡುತ್ತದೆ. ಇದನ್ನೆಲ್ಲ ಹೇಳಲು ಟೀಚರ್ ಬಾಯಿ ತೆರೆದರು. ಎದುರಿಗೆ ಗೌರೀಶ ಮುಖ ಅರಳಿಸಿಕೊಂಡು ನಿಂತಿದ್ದರು. ಎರವಲು ಒಯ್ದದ್ದನ್ನು ಮಸೆದು ತಂದ ಮನುಷ್ಯ. ಬೈದರೆ ತಾನು ಹುಟ್ಟಿ ಬೆಳೆದ ಮನೆಯ ನಡವಳಿಕೆಯನ್ನೇ ಬೈದಂತೆ. ಟೀಚರ್ ತೆರೆದ ಬಾಯಿ ಮುಚ್ಚಿ, ಒಳಗೆ ಹೋಗಿ ಕಾಫಿ ಮಾಡಿ ತಂದರು. ಗೌರೀಶ ಎರಡನೇ ಲೋಟವನ್ನೂ ಕೇಳಿ ಕುಡಿದರು.

ಅವರು ಹೋದ ಮೇಲೆ ಟೀಚರ್ ತಮ್ಮನಿಗೆ ಫೋನ್ ಮಾಡಿ ಸಿಟ್ಟನ್ನೆಲ್ಲ ಅವನ ಮೇಲೆ ಸುರಿದರು. ರವೀಶ ಪೂರ್ತಿ ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕ. ಟೀಚರ್ ಫೋನ್ ಕುಕ್ಕಿದರು.

ಭಾನುವಾರ ಬೆಳಗ್ಗೆ ಬ್ಯಾಣದ ಹುಲ್ಲೆಲ್ಲ ಒದ್ದೆ. ಮೊದಲ ಕುಳಿಯಲ್ಲಿ ಟೀಚರ್ ಎಂದಿನಂತೆ ಬಾವುಟಕ್ಕೇ ಗುರಿಯಿಟ್ಟರು. ಚೆಂಡು ಎದ್ದಿತು, ಬಾವುಟದ ಬುಡಕ್ಕೇ ಬಿತ್ತು, ಅಲ್ಲಿಂದ ಓಡಿ ಹಿಂದೆ ಬೇಲಿಗೆಂದು ತೋಡಿದ ಅಗಳಕ್ಕೆ ಇಳಿಯಿತು. ‘ಅಯ್ಯೋ’ ಎಂದರು ನೋಡಲು ಬಂದವರು. ಸುಂದರೇಶ ಒಂದು ಹೊಡೆತ ಮುಂದಾದರು. ಎರಡನೇ ಕುಳಿಯಲ್ಲಿ ಟೀಚರ್ ಬಾವುಟಕ್ಕಿಂತ ಸ್ವಲ್ಪ ಈಚೆಗೆ ಗುರಿಯಿಟ್ಟರು. ಆದರೂ ಓಡಿತು, ಈ ಸಲ ಅಗಳದವರೆಗೆ ಹೋಗಲಿಲ್ಲ. ಆ ಕುಳಿ ಸಮವಾಯಿತು. ಮೂರನೆಯದರ ಹೊತ್ತಿಗೆ ಅವರಿಗೆ ಲಯ ಸಿಕ್ಕಿತು. ಇದು ಬಿದ್ದಲ್ಲಿ ನಿಲ್ಲುವ ಕೋಲಾಗಿ ಉಳಿದಿಲ್ಲ, ಓಡಿಸುವ ಕೋಲಾಗಿದೆ. ಸರಿ, ಹಾಗಾದರೆ ಓಡಿಸಿಯೇ ಆಡೋಣ. ನಿಲ್ಲಬೇಕಾದಲ್ಲಿ ಬೀಳಿಸುವ ಬದಲು ಬಹಳ ಈಚೆಗೇ ಬೀಳಿಸಿ, ನೆಲದ ಇಳಿಜಾರು ನೋಡಿ, ಅದರ ಪಾಡಿಗೆ ಹೋಗಲು ಬಿಟ್ಟರು. ಮೂರನೆಯದೂ ಸಮ. ನಾಲ್ಕನೆಯದನ್ನು ಟೀಚರ್ ಒಂದು ಹೊಡೆತದಿಂದ ಗೆದ್ದುಕೊಂಡರು. ಈಗ ಇಬ್ಬರದೂ ಒಂದೇ ಲೆಕ್ಕ.

ಐದನೇ ಕುಳಿ ಉದ್ದದ್ದು. ಸುಂದರೇಶ ತಮ್ಮ ದುಬಾರಿ ಕೋಲಿನಲ್ಲಿ ಹೊಡೆದ ಚೆಂಡು ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಚಿಗೆ ಹೋಗಿ ಕೂತಿತು. ಒಳ್ಳೆಯ ಹೊಡೆತವೇ. ಟೀಚರ್ ಬಾವುಟ ನೋಡಲಿಲ್ಲ. ಅದಕ್ಕಿಂತ ಬಹಳ ಈಚೆ, ಹಿಂದೆ ದನ ನಡೆದು ನಡೆದು ಗಟ್ಟಿಯಾದ ಕಾಲುದಾರಿಯೊಂದು ಅಡ್ಡ ಹಾದಿತ್ತು, ಅದನ್ನು ನೋಡಿದರು. ಭುಜ ಸಡಿಲ ಬಿಟ್ಟು, ನಿಧಾನಕ್ಕೆ, ಇಳಿಸಿ ಹೊಡೆದರು. ಚೆಂಡು ಕಾಲುದಾರಿಗೆ ಬಿದ್ದು, ಪುಟಿದು, ಇಳಿಜಾರಿನಲ್ಲಿ ಬಲಕ್ಕೆ ಒಲೆದು, ಓಡಿ ಓಡಿ, ಕುಳಿಯಿಂದ ಎರಡು ಗೇಣು ದೂರದಲ್ಲಿ ನಿಂತಿತು. ಟೀಚರಿಗೆ ಕಣ್ಣು ತುಂಬಿ ಬಂತು. ಜನ್ಮದಲ್ಲಿ ಅಷ್ಟು ಚೆಂದದ ಹೊಡೆತ ಹೊಡೆದಿರಲಿಲ್ಲ, ಅದೂ ಕೆಟ್ಟುಹೋದ ಕೋಲಿನಲ್ಲಿ.

ಮುಂದಿನ ಹೊಡೆತಕ್ಕೆ ಚೆಂಡು ಕುಳಿಗೆ ಬಿತ್ತು. ಸುಂದರೇಶರಿಗೆ ಒಂದು ಹೊಡೆತ ಹೆಚ್ಚಾಯಿತು. ಟೀಚರ್ ಗೆದ್ದರು.

ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ ಗೌರೀಶರ ಗಂಟಲು ಕೇಳಿಸಿತು: ‘ನೋಡಿದ್ರಾ! ಪಾಲಿಶ್ ಮಾಡ್ಸಿದ್ದಕ್ಕೆ ಹೆಂಗೆ ಓಡ್ತು!’

‘ಹೌದು ಮಾರಾಯ’ ಎಂದರು ಸುಂದರೇಶ. ‘ಎಣ್ಣೆ ಹಚ್ಚಿದಂಗೆ ಓಡ್ತು. ಅಲ್ಲಾ, ಎಲ್ಲಿ ಮಾಡ್ಸಿದ್ದು?’

‘ಟೀಚರ್, ಸೂಪರ್’ ಎಂದು ಅಜಯ್ ಕೈ ಕುಲುಕಿದ. ‘ಕೋಲು ಮಾತ್ರ ಜೋಪಾನ, ಹ್ಞಾಂ?’ ಅಪೇಕ್ಷಾ ಕೋಲನ್ನು ಕೈಗೆ ತೆಗೆದುಕೊಂಡು, ಮುಖ ಸವರಿ, ಡಿಫೆಕ್ಟ್ ಹೋಗಿದೆ ಎಂದಳು.

‘ರೀ’ ಎಂದರು ಟೀಚರ್. ಮೈದಾನದ ಆಚೆ ತುದಿಗೂ ಕೇಳಿಸುವ, ಡ್ರಿಲ್ ಪೀರಿಯಡ್ಡಿನ ಸ್ವರ. ‘ಆ ಪಾಲಿಶಿಂದ ಕೋಲು ಕೆಟ್ಟಿದೆ. ಕೆಟ್ಟ ಕೋಲಲ್ಲಿ ನಾನು ಗೆದ್ದಿದ್ದು. ಅರ್ಥ ಆಗುತ್ತೇನ್ರಿ? ನಾನು!’

ಸುಂದರೇಶ ಸಮಾಧಾನದ ದನಿಯಲ್ಲಿ, ‘ನಿಮ್ಮದು ದೊಡ್ಡ ಗುಣ ಟೀಚರೇ, ಸುಮ್ನೆ ಹಂಗಂತೀರಿ. ಎರಡು ದಿನಕ್ಕೆ ಕೊಡಿ, ಜೋಪಾನ ಮಾಡಿ ತರ್ತೀನಿ’ ಎಂದು ಕೈ ಚಾಚಿದರು.

‘ಕೊಡಲ್ಲ.’

ಸುಂದರೇಶರ ಚಾಚಿದ ಕೈ ಹಾಗೇ ನಿಂತಿತು. ಬಾಯಾರಿ ಬಂದವರಿಗೆ ನೀರು ಇಲ್ಲ ಎಂದವರನ್ನು ನೋಡುವಂತೆ ಎಲ್ಲರೂ ಟೀಚರನ್ನು ನೋಡಿದರು. ಟೀಚರ್ ಅಪೇಕ್ಷಾಳ ಕೈಯಿಂದ ಕೋಲು ತೆಗೆದುಕೊಂಡರು. ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ‘ಕೋಲು ಕೊಡಲ್ಲ. ಹೊಡೆಯೋದು ಹೆಂಗೆ ಅಂತ ಬೇಕಾದ್ರೆ ಹೇಳ್ಕೊಡ್ತೀನಿ. ನಾಳೆ ಬೆಳಗ್ಗೆ ಇಲ್ಲೇ ಇರ್ತೀನಿ, ಬನ್ನಿ. ಎಲ್ರೂ ಬನ್ನಿ.’

‘ಖಂಡಿತ ಟೀಚರೇ’ ಎಂದರು ಎಲ್ಲರೂ.

ಮರುದಿನ ಟೀಚರ್ ಹೇಳಿದ ಹೊತ್ತಿಗೆ ಮೈದಾನದಲ್ಲಿದ್ದರು. ಹಳೆಯ ಸೀಟಿಯನ್ನೂ ಹುಡುಕಿ ತಂದಿದ್ದರು, ನಾಚಿಕೆಯಿಲ್ಲದೆ. ಬಿಸಿಲು ಏರಿತು. ಯಾರೂ ಬರಲಿಲ್ಲ. ಕಾದು ಕಾದು ಸಾಕಾಗಿ ಬಸ್ಸು ಹತ್ತಿ ಸಾಗರಕ್ಕೆ ಬಂದರು. ಸ್ಟ್ಯಾಂಡಿನಿಂದ ಮನೆಗೆ ಹೋಗುವ ದಾರಿಯಲ್ಲೇ ಕನ್ನಪ್ಪನ ವರ್ಕ್‌ಶಾಪ್. ಬಾಗಿಲ ಪಕ್ಕದ ಗೋಡೆಗೆ ಗಾಲ್ಫ್ ಕೋಲುಗಳು ಸಾಲಾಗಿ ಒರಗಿದ್ದವು. ಸುಂದರೇಶರ ದುಬಾರಿ ಸೆಟ್ಟು ಪೂರ್ತಿ ಇತ್ತು. ಅಪೇಕ್ಷಾಳದಿತ್ತು. ರೆಸಾರ್ಟಿನ ಹೆಸರು ಬರೆದ ಅಜಯ್‌ನ ಕೋಲುಗಳೂ ಇದ್ದವು. ಒಳಗೆ ಕನ್ನಪ್ಪ ಕನ್ನಡಕ ಹಾಕಿಕೊಂಡು, ಕಿಡಿ ಹಾರಿಸುತ್ತ, ಒಂದೊಂದರ ಗೀರನ್ನೂ ಶ್ರದ್ಧೆಯಿಂದ ಅಳಿಸುತ್ತಿದ್ದ.

ಟೀಚರನ್ನು ಕಂಡು ಯಂತ್ರ ನಿಲ್ಲಿಸಿದ. ‘ಬಂದ್ರಾ ಟೀಚರೇ. ನೋಡಿ, ಎಲ್ಲಾ ನಿಮ್ಮ ಕೋಲಿನ ದೆಸೆಯಿಂದ. ಬೆಳಗ್ಗೆಯಿಂದ ಪುರುಸೊತ್ತಿಲ್ಲ. ಗೀರು ತೆಗೆದ್ರೆ ಏನೂ ಆಗಲ್ಲ ಅಲ್ವಾ?’

ಒಂದು ಮಾತು ಹೇಳಿದ್ದರೆ ಅವನು ನಿಲ್ಲಿಸಿಬಿಡುತ್ತಿದ್ದ. ಹೆಚ್ಚಿನವು ಇನ್ನೂ ಗೋಡೆಗೆ ಒರಗಿದ್ದವು, ಗೀರುಗಳು ಹಾಗೇ ಇದ್ದವು. ಟೀಚರ್ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

‘ಚೆನ್ನಾಗಿ ತಿಕ್ಕಪ್ಪ’ ಎಂದರು. ‘ಒಂದನ್ನೂ ಬಿಡಬೇಡ.’